ಹತ್ತಿರ ಬಂದರೆ ಬಿಡುವ ಸಿಗ್ನಲ್

ನಾನು ರೈಲ್ವೆಯಲ್ಲಿ ಸಿಗ್ನಲ್ ಮೇಂಟೇನರ್. ವಿಜಯಪುರದಲ್ಲಿ ಗೋಳಗುಮ್ಮಟದ ಹಿಂದಿನ ಸ್ಟೇಷನ್ನಿಗೆ ಬಂದು ಇಪ್ಪತ್ತು ವರ್ಷಕ್ಕೂ ಮೇಲಾಯಿತು. ನಮ್ಮೂರು ತಿಕೋಟಾದ ಹಳೆಯ ಗೆಳೆಯರು ನಿನ್ನ ಕೆಲಸ ಏನು ಎಂದು ಕೇಳಿದರೆ, ‘ಕೆಂಪ ದೀಪ ಹಚ್ಚೂದು, ಆರಸೂದು’ ಎಂದು ಹೇಳಿ ಮುಗಿಸಿಬಿಡುತ್ತೇನೆ. ದ್ರಾಕ್ಷಿ ಬಳ್ಳಿಗೆ ಔಷಧಿ ಹೊಡೆದು ಬಂದವರ ಮುಂದೆ ರಿಲೇ, ಬ್ಯಾಟರಿ ಎಂದು ಕತೆ ಹೇಳುತ್ತ ಕೂತರೆ ಅವರು ಚಹಾ ಕುಡಿದು ಎದ್ದು ಹೋಗುತ್ತಾರೆ. ಪೂರ್ತಿ ಕೂತು ಕೇಳಿದವಳು ಒಬ್ಬಳೇ, ನನ್ನ ತಂಗಿ.

ಅವಳು ನನಗಿಂತ ಎಂಟು ವರ್ಷ ಚಿಕ್ಕವಳು. ಸಾರವಾಡಕ್ಕೆ ಕೊಟ್ಟಿದ್ದೆವು. ಮದುವೆಯಾದ ಮೊದಲ ವರ್ಷ ಪಂಚಮಿಗೆ ನಾನೇ ಹೋಗಿ ಕರೆತಂದಿದ್ದೆ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಗಂಡನ ಮನೆಯ ಬಾಗಿಲಿಗೆ ಹೋಗಿ ನಿಂತು ಕರೆಯಬೇಕು, ಆಗ ಅವರು ತವರಿಗೆ ಬರಬೇಕು. ಫೋನಿನಲ್ಲಿ ಬಾ ಎಂದರೆ ಕರೆದಂತಲ್ಲ. ಕರೆಯದೆ ಬಂದರೆ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡುತ್ತಾರೆ.

ಆ ಸಲ ಹಬ್ಬದ ಮರುದಿನ ಅವಳಿಗೆ ನನ್ನ ಸಿಗ್ನಲ್ ನೋಡುವ ಹುಕಿ ಬಂತು. ಸ್ಟೇಷನ್ನಿನಿಂದ ಒಂದಿಷ್ಟು ದೂರದಲ್ಲಿ ಗೂಡ್ಸ್ ಗಾಡಿಗಳಿಗೆಂದು ಒಂದು ಬೇರೆ ಹಳಿ ಇದೆ. ಸೈಡಿಂಗ್ ಅನ್ನುತ್ತೇವೆ. ಅಲ್ಲಿಂದ ಗಾಡಿ ಮುಖ್ಯ ಹಳಿಗೆ ಬರುವಲ್ಲಿ ತಿರುವು ಇದೆ, ಜೋರಾಗಿ ಬಂದರೆ ಗಾಲಿ ಕೆಳಗಿಳಿಯುತ್ತದೆ. ಅದಕ್ಕೇ ಅಲ್ಲಿನ ಸಿಗ್ನಲ್ಲಿಗೆ ಒಂದು ಕಟ್ಟಳೆ. ದಾರಿ ಖಾಲಿ ಇದ್ದರೂ ಅದು ಮೊದಲು ಕೆಂಪನ್ನೇ ತೋರಿಸುತ್ತದೆ. ಡ್ರೈವರ್ ವೇಗ ತಗ್ಗಿಸಿ, ಮೆಲ್ಲಗೆ ತೀರ ಸಿಗ್ನಲ್ಲಿನ ಬುಡಕ್ಕೆ ಬರಬೇಕು. ಗಾಡಿ ಅಲ್ಲಿಗೆ ಬಂದಿದೆ ಎಂದು ಗೊತ್ತಾದ ಒಂದು ನಿಮಿಷಕ್ಕೆ ಕೆಂಪು ಆರಿ ಹಳದಿ ಬೀಳುತ್ತದೆ.

‘ಅಂದ್ರ ಬಿಡೂ ಮನಸು ಮೊದಲ ಇರತೈತಿ?’ ಎಂದು ತಂಗಿ ಕೇಳಿದಳು.

‘ಇರತೈತಿ. ಬರೇ ನಿಧಾನ ಮಾಡಸಾಕ ಕೆಂಪ ತೋರಸತೈತಿ.’

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ‘ಥೇಟ್ ನಿನ್ನಂಗ ಐತಲ್ಲೋ ಅಣ್ಣಾ ಇದು. ದೂರಿಂದ ನೋಡಿದ್ರ ಗುರ್ ಅಂತಿ, ಸನೇಕ ಬಂದು ನಿಂತ್ರ ಬಿಡತಿ.’

ಸುಳ್ಳಲ್ಲ. ನಾನು ಹುಟ್ಟಾ ಸಿಡುಕ. ಸಾಲಿಗೆ ಹೋಗುವಾಗ ಅವಳು ಪೆನ್ನು ಕೇಳಿದರೆ ಮೊದಲು ಇಲ್ಲ ಅನ್ನುತ್ತಿದ್ದೆ. ಅವಳು ಹೋಗದೆ ಎದುರಿಗೇ ನಿಂತಿರುತ್ತಿದ್ದಳು, ಕೊನೆಗೆ ಕೊಡುತ್ತಿದ್ದೆ. ಮದುವೆಯಲ್ಲಿ ಪಾತ್ರೆ ಕೊಡಿಸುವಾಗಲೂ ಅಷ್ಟೇ. ಒಂದರೊಳಗೊಂದು ಕೂಡುವ ಐದು ಸ್ಟೀಲ್ ಡಬ್ಬಿ ಬೇಕು ಎಂದಳು, ಇದ್ದ ಡಬ್ಬಿ ಸಾಲದೇನು ಎಂದು ಹರಿಹಾಯ್ದೆ. ಸಂಜೆ ಬಜಾರಿಗೆ ಹೋಗಿ ತಂದೆ. ಅಂಗಡಿಯವನು ತಳದಲ್ಲಿ ಯಾರ ಹೆಸರು ಹಾಕಲಿ ಎಂದು ಮಷಿನ್ ಹಿಡಿದು ಕೂತಿದ್ದ. ಹೆಸರು ಬೇಡ, ‘ಅಣ್ಣನಿಂದ’ ಅಂತ ಹಾಕು ಎಂದೆ. ಐದೂ ಡಬ್ಬಿಯ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಅದನ್ನೇ ಕೊರೆದುಕೊಟ್ಟ.

ಅಪ್ಪ ಮೊದಲೇ ಹೋಗಿದ್ದ. ಕೆಲವು ವರ್ಷದ ಹಿಂದೆ ಅವ್ವನಿಗೆ ಲಕ್ವ ಹೊಡೆದು ಒಂದು ಮಗ್ಗುಲು ಬಿದ್ದುಹೋಯಿತು. ತಿಕೋಟಾದ ಮನೆಗೆ ಕೀಲಿ ಹಾಕಿ ಅವಳನ್ನು ನನ್ನ ಕ್ವಾರ್ಟರ್ಸಿಗೆ ತಂದೆ. ಅವಳ ಆರೈಕೆಯೆಲ್ಲ ನನ್ನ ಹೆಂಡತಿಯ ಮೇಲೆ ಬಿತ್ತು. ಅಲ್ಲಿಂದ ಮುಂದೆ ತಂಗಿಗೆ ತವರು ಎಂದರೆ ನನ್ನ ಆ ಎರಡು ಕೋಣೆ. ಅವಳು ವಾರಕ್ಕೆರಡು ಸಲ ಬಸ್ಸು ಹತ್ತಿ ಬರುತ್ತಿದ್ದಳು. ಬಂದವಳು ಅವ್ವನನ್ನು ಮಗ್ಗುಲಿಗೆ ತಿರುವಿ ಬೆನ್ನು ನೋಡುತ್ತಿದ್ದಳು. ಒಂದು ದಿನ ಬೆನ್ನಿನ ಮೇಲೆ ಹಾಸಿಗೆ ಹುಣ್ಣು ಕಂಡಿತು.

‘ಅವ್ವನ್ನ ನಾ ಸಾರವಾಡಕ್ಕ ಒಯ್ತೀನಿ. ವೈನಿ ಒಬ್ಬಾಕಿ ಎಷ್ಟಂತ ಮಾಡ್ಯಾಳು? ನೀ ಹೊತ್ತ ಮುಳುಗಾನ ಹಳಿ ಮ್ಯಾಲ ಇರ್ತಿ,’ ಎಂದಳು.

ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ತಪ್ಪಿಲ್ಲದ್ದಕ್ಕೇ ನನಗೆ ಸಿಟ್ಟು ಬಂತು. ಅವ್ವನನ್ನು ನೋಡಿಕೊಳ್ಳಲಾರದ ಮಗ ಎಂದು ಹೇಳಿದಂತಾಯಿತು. ಕೋಪದ ಕೈಗೆ ಬುದ್ಧಿ ಕೊಟ್ಟೆ. ‘ನೀ ಈಗ ಈ ಮನ್ಯಾಕಿ ಅಲ್ಲ. ನಿನಗ್ಯಾಕ ಬೇಕ ಈ ಉಸಾಬರಿ?’ ಎಂದೆ.

ಅವಳು ನನ್ನ ಮುಖ ನೋಡಿದಳು. ಒಂದು ನಿಮಿಷ ನಿಂತಿದ್ದರೆ ನಾನೇ ‘ಒಯ್ಯಿ ತಗೊ’ ಅನ್ನುತ್ತಿದ್ದೆನೋ ಏನೋ. ಅವ್ವ ಒಂದು ಕೈಯೆತ್ತಿ ಏನೋ ಹೇಳಲು ನೋಡುತ್ತಿದ್ದಳು. ತಂಗಿ ಆ ಕೈಯನ್ನು ಹಾಸಿಗೆಯ ಮೇಲೆ ಮೆತ್ತಗೆ ಇಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು.

ಇಪ್ಪತ್ತು ದಿನಕ್ಕೆ ಅವ್ವ ತೀರಿಕೊಂಡಳು. ತಂಗಿ ಬಂದಳು, ಅತ್ತಳು, ಕಾರ್ಯ ಮುಗಿಯುವ ತನಕ ಇದ್ದಳು. ನನ್ನ ಹೆಂಡತಿಯ ಜೊತೆ ಮಾತಾಡಿದಳು, ನನ್ನ ಜೊತೆ ಇಲ್ಲ. ನಾನೂ ಆಡಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅವ್ವನೇ ಹೇಳುತ್ತಿದ್ದಳು. ನನ್ನಂಥವನಿಗೆ ಅದು ಹಾಸಿಗೆಯ ಪಕ್ಕ ನಿಂತಾಗ ನೆನಪಾಗಬೇಕಲ್ಲ?

ಮುಂದಿನ ಪಂಚಮಿ ಬಂತು. ನನ್ನ ಹೆಂಡತಿಯ ತವರು ಬಬಲೇಶ್ವರ. ಅವಳ ತಮ್ಮ ಪ್ರತಿ ವರ್ಷ ತಪ್ಪದೆ ಮೋಟರ್‌ಸೈಕಲ್ ತಂದು ಬಾಗಿಲಲ್ಲಿ ನಿಲ್ಲಿಸುತ್ತಾನೆ. ಅವಳು ಹೊರಡುವಾಗ, ‘ನನ್ನ ಕರಿಯಾಕ ನನ್ನ ತಮ್ಮ ಬಂದಾನ. ನೀವೂ ಒಬ್ರಿಗೆ ಅಣ್ಣ ಅದೀರಿ, ನೆನಪೈತೇನ್ರಿ?’ ಎಂದಳು.

‘ಆಕಿನ ಬರಲಿ. ಬಂದ್ರ ಬ್ಯಾಡ ಅಂತೀನೇನ?’ ಎಂದೆ.

ಇದು ನನ್ನ ಲೆಕ್ಕಾಚಾರ. ಅವಳೇ ಬರಲಿ, ಬಂದ ಮೇಲೆ ಬಿಡೋಣ. ಪಂಚಮಿಯಲ್ಲಿ ಕರೆಯದೆ ಯಾವ ಹೆಣ್ಣುಮಗಳೂ ಬರುವುದಿಲ್ಲ ಎಂಬುದು ಗೊತ್ತಿದ್ದೇ ಹೀಗೆ ಅಂದುಕೊಂಡೆ. ಹಬ್ಬ ಮುಗಿದ ಮೇಲೆ ಹೆಂಡತಿಯನ್ನು ಕರೆತರಲು ಬಬಲೇಶ್ವರದ ಬಸ್ಸು ಹತ್ತಿದೆ. ಆ ಬಸ್ಸು ಸಾರವಾಡದ ಮೇಲೇ ಹೋಗುತ್ತದೆ. ಸಾರವಾಡದಲ್ಲಿ ನಿಂತಾಗ ಕಂಡಕ್ಟರ್ ‘ಯಾರ್ರಿ ಸಾರವಾಡ, ಇಳೀರಿ ಲಗೂನ’ ಎಂದು ಕೂಗಿದ. ನಾನು ಕಿಟಕಿಯ ಆ ಕಡೆ ನಿಂತ ಟ್ರ್ಯಾಕ್ಟರ್ ನೋಡುತ್ತ ಕೂತೆ. ಮರುವರ್ಷವೂ ಹಾಗೇ ಕೂತಿದ್ದೆ.

ಮೂರನೆಯ ವರ್ಷ ಆ ಸೈಡಿಂಗಿನಲ್ಲಿ ಒಂದು ತೊಂದರೆ ಶುರುವಾಯಿತು. ಗೂಡ್ಸ್ ಗಾಡಿ ಬಂದು ಸಿಗ್ನಲ್ಲಿನ ಬುಡದಲ್ಲಿ ನಿಂತರೂ ಕೆಂಪು ಆರುತ್ತಿರಲಿಲ್ಲ. ಡ್ರೈವರುಗಳು ಹತ್ತು ನಿಮಿಷ ಹಾರ್ನ್ ಹೊಡೆದು ಹೊಡೆದು, ಫೋನು ಮಾಡಿ ನನ್ನ ವಂಶ ಉದ್ಧಾರ ಮಾಡುತ್ತಿದ್ದರು.

ಗಾಡಿ ಬಂದದ್ದು ನಮಗೆ ಹೇಗೆ ಗೊತ್ತಾಗುತ್ತದೆ ಎಂದು ಹೇಳುತ್ತೇನೆ. ಎರಡು ಹಳಿಯೊಳಗೆ ಬ್ಯಾಟರಿಯಿಂದ ಸಣ್ಣ ಕರೆಂಟು ಬಿಟ್ಟಿರುತ್ತೇವೆ. ಇನ್ನೊಂದು ತುದಿಯಲ್ಲಿರುವ ರಿಲೇ ಎಂಬ ಸ್ವಿಚ್ಚು ಆ ಕರೆಂಟಿನ ಬಲದಿಂದ ಎದ್ದು ನಿಂತಿರುತ್ತದೆ. ಗಾಡಿ ಬಂದಾಗ ಅದರ ಗಾಲಿಗಳು ಎರಡೂ ಹಳಿಯನ್ನು ಕೂಡಿಸುತ್ತವೆ, ಕರೆಂಟು ಅಲ್ಲಿಂದಲೇ ತಿರುಗಿ ಹೋಗುತ್ತದೆ, ರಿಲೇ ಬೀಳುತ್ತದೆ. ರಿಲೇ ಬಿತ್ತೆಂದರೆ ಗಾಡಿ ಬಂತು. ಇದಕ್ಕೆ ಟ್ರ್ಯಾಕ್ ಸರ್ಕ್ಯೂಟ್ ಎಂದು ಹೆಸರು. ಬಹಳ ನಂಬಿಗಸ್ತ. ತಂತಿ ಹರಿದರೂ ರಿಲೇ ಬೀಳುತ್ತದೆ, ಬ್ಯಾಟರಿ ಸತ್ತರೂ ಬೀಳುತ್ತದೆ. ತಾನು ಕೆಟ್ಟರೂ ಗಾಡಿ ಇದೆ ಎಂದೇ ಹೇಳುತ್ತದೆ, ಇಲ್ಲ ಎನ್ನುವುದಿಲ್ಲ.

ಆದರೆ ತುಕ್ಕಿನ ಮುಂದೆ ಅದರ ಆಟ ನಡೆಯುವುದಿಲ್ಲ. ದಿನಾ ಗಾಡಿ ಓಡುವ ಹಳಿ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಓಡಾಟ ನಿಂತ ಹಳಿಯ ಮೇಲೆ ನಾಲ್ಕೇ ದಿನಕ್ಕೆ ಕೆಂಪು ಪುಡಿ ಕೂರುತ್ತದೆ. ಗಾಲಿ ಹಳಿಯ ಮೇಲೇ ಇರುತ್ತದೆ, ಆದರೂ ಮುಟ್ಟಿರುವುದಿಲ್ಲ. ಅಷ್ಟು ದೊಡ್ಡ ಗಾಡಿ ಬಂದು ಎದುರಿಗೆ ನಿಂತಿರುತ್ತದೆ, ರಿಲೇ ಮಾತ್ರ ‘ಯಾರೂ ಬಂದಿಲ್ಲ’ ಎಂದು ಎದ್ದೇ ನಿಂತಿರುತ್ತದೆ. ಆ ವರ್ಷ ಸೈಡಿಂಗಿಗೆ ಗಾಡಿ ಬರುವುದೇ ಕಡಿಮೆಯಾಗಿತ್ತು.

ಇದಕ್ಕೆ ಮದ್ದು ಟ್ರೆಡಲ್. ಹಳಿಯ ಮಗ್ಗುಲಿಗೆ ಬೋಲ್ಟು ಹಾಕಿ ಕೂರಿಸುವ ಕಬ್ಬಿಣದ ತೋಳು ಅದು. ಹೊಲಿಗೆ ಮಷಿನ್ನಿನ ಹಲಗೆಯನ್ನು ಕಾಲು ತುಳಿದಂತೆ, ಹಾದುಹೋಗುವ ಗಾಲಿ ಇದನ್ನು ತುಳಿಯುತ್ತದೆ. ತುಕ್ಕಿರಲಿ, ಧೂಳಿರಲಿ, ತುಳಿದದ್ದು ಸುಳ್ಳಾಗುವುದಿಲ್ಲ. ರಿಲೇಗೆ ಗೊತ್ತಾಗದಿದ್ದರೆ ಟ್ರೆಡಲ್ ಆದರೂ ಹೇಳಲಿ ಎಂದು ಎರಡನ್ನೂ ಕೂಡಿಸಿ ಇಡುವುದು.

ಆ ಕೆಲಸಕ್ಕೆ ಪಂಚಮಿಯ ದಿನವೇ ನಿಗದಿಯಾಯಿತು. ಹಬ್ಬ ಇದೆ, ಬೇರೆ ಯಾರನ್ನಾದರೂ ಕಳಿಸಲೇನು ಎಂದು ಸಾಹೇಬರು ಕೇಳಿದರು. ನಾನೇ ಹೋಗುತ್ತೇನೆ ಎಂದೆ. ಹೆಂಡತಿ ಹಿಂದಿನ ದಿನವೇ ತವರಿಗೆ ಹೋಗಿದ್ದಳು. ಹಬ್ಬದ ದಿನ ಮನೆಯಲ್ಲಿ ಒಬ್ಬನೇ ಕೂರುವುದಕ್ಕಿಂತ ಹಳಿಯೇ ವಾಸಿ ಎನಿಸಿತು. ಬೆಳಿಗ್ಗೆ ಬಾಗಿಲಿಗೆ ಕೀಲಿ ಹಾಕಿ ಹೋದವನು ಐದು ಗಂಟೆಯ ತನಕ ಅಲ್ಲೇ ಇದ್ದೆ. ತೋಳಿನ ಎತ್ತರ ಒಂದು ಕೂದಲೆಳೆ ಹೆಚ್ಚುಕಡಿಮೆ ಆಗದಂತೆ ಕೂರಿಸಿದೆ. ಎಂಜಿನ್ ತಂದು ಮೂರು ಸಲ ಓಡಿಸಿ ನೋಡಿದೆವು. ಮೂರು ಸಲವೂ ಬುಡಕ್ಕೆ ಬಂದ ಒಂದು ನಿಮಿಷಕ್ಕೆ ಹಳದಿ ಬಿತ್ತು. ಡ್ರೈವರ್ ಕೈ ಬೀಸಿದ. ಬಹಳ ದಿನದ ಮೇಲೆ ನನ್ನ ಬಗ್ಗೆ ನನಗೇ ಹೆಮ್ಮೆ ಎನಿಸಿತ್ತು.

ಮನೆಗೆ ಬಂದರೆ ಬಾಗಿಲಿನ ಚಿಲಕಕ್ಕೆ ಒಂದು ಕೈಚೀಲ ತೂಗುತ್ತಿತ್ತು. ಒಳಗೆ ಸ್ಟೀಲ್ ಡಬ್ಬಿ, ಡಬ್ಬಿಯ ತುಂಬ ಎಳ್ಳುಂಡಿ. ಪಂಚಮಿಯಲ್ಲಿ ಕ್ವಾರ್ಟರ್ಸಿನಲ್ಲಿ ಇದು ಇದ್ದದ್ದೇ, ಅವರ ಮನೆಯ ಉಂಡಿ ಇವರಿಗೆ, ಇವರದು ಅವರಿಗೆ. ಬಲಗಡೆಯ ಮನೆಯವರನ್ನು ಕೇಳಿದೆ. ನಾವೂ ಈಗಷ್ಟೇ ಊರಿಂದ ಬಂದೆವು, ನಮ್ಮದಲ್ಲ ಎಂದರು. ಎಡಗಡೆ ಕೀಲಿ ಹಾಕಿತ್ತು. ಯಾರದೋ ಇರಲಿ, ಕೇಳಿಕೊಂಡು ಬರುತ್ತಾರೆ ಎಂದುಕೊಂಡು ಬಾಗಿಲಲ್ಲಿ ನಿಂತೇ ಒಂದು ಬಾಯಿಗೆ ಹಾಕಿದೆ.

ಏಲಕ್ಕಿ, ಒಣಕೊಬ್ಬರಿ, ಸ್ವಲ್ಪ ಹೆಚ್ಚೇ ಹುರಿದ ಎಳ್ಳು. ಅವ್ವನ ಕೈಯ ರುಚಿಯೇ ಅದು. ‘ಥೇಟ್ ಅವ್ವ ಮಾಡಿದಂಗ ಐತಿ’ ಎಂದು ನನಗೆ ನಾನೇ ಹೇಳಿಕೊಂಡದ್ದು ಇವತ್ತಿಗೂ ನೆನಪಿದೆ. ಕಣ್ಣಲ್ಲಿ ನೀರು ಬಂತು. ಇನ್ನೊಂದು ತಿಂದೆ. ಅವ್ವ ಸತ್ತು ಮೂರನೆಯ ವರ್ಷ, ಹಾಗಾದರೆ ಇದನ್ನು ಮಾಡಿದ ಕೈ ಯಾರದು ಎಂಬ ಪ್ರಶ್ನೆ ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ನಾಲ್ಕು ದಿನಕ್ಕೆ ಉಂಡಿ ಮುಗಿದವು, ಯಾರೂ ಡಬ್ಬಿ ಕೇಳಲು ಬರಲಿಲ್ಲ. ಟ್ರೆಡಲ್ಲಿಗೆ ಬೇಕಾಗುವ ಪಿನ್ನು, ವಾಷರು, ಗ್ರೀಸು ಮೆತ್ತಿದ ಬೋಲ್ಟು ಇಡಲು ಒಂದು ಗಟ್ಟಿ ಮುಚ್ಚಳದ ಡಬ್ಬಿ ಬೇಕಾಗಿತ್ತು. ಒಯ್ದು ಸ್ಟೇಷನ್ನಿನ ರಿಲೇ ಕೋಣೆಯಲ್ಲಿ ಇಟ್ಟುಕೊಂಡೆ. ಹೆಂಡತಿ ತವರಿನಿಂದ ಬರುವ ಮೊದಲೇ ಅದು ಮನೆಯಿಂದ ಹೋಗಿತ್ತು. ಅವಳ ಕೈಗೆ ಸಿಕ್ಕಿದ್ದರೆ ಮೊದಲು ತಿರುವಿ ತಳ ನೋಡುತ್ತಿದ್ದಳು. ಯಾರ ಮನೆಯ ಪಾತ್ರೆ ಎಂದು ತಿಳಿಯಲು ಹೆಂಗಸರೆಲ್ಲ ಮಾಡುವುದೇ ಅದು. ನಾನು ತಿರುವಲಿಲ್ಲ. ಮೊದಲು ಉಂಡಿ ಚೆಲ್ಲುತ್ತಿದ್ದವು, ಆಮೇಲೆ ಪಿನ್ನು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ತಂಗಿಯ ಗಂಡನ ಫೋನು ಬಂತು. ಅವಳಿಗೆ ಕಾಮಣಿ ಆಗಿತ್ತು. ಊರಲ್ಲಿ ನಾಟಿ ಔಷಧಿ ಕೊಡಿಸಿ ಹದಿನೈದು ದಿನ ಕಾದಿದ್ದಾರೆ. ಮೈಯೆಲ್ಲ ಹಳದಿ ತಿರುಗಿದ ಮೇಲೆ ವಿಜಯಪುರದ ಆಸ್ಪತ್ರೆಗೆ ತಂದಿದ್ದಾರೆ. ಎರಡು ದಿನ ಇದ್ದು, ಹಿಂದಿನ ಸಂಜೆ ಹೋಗಿಬಿಟ್ಟಿದ್ದಳು. ಆ ಆಸ್ಪತ್ರೆಗೂ ನನ್ನ ಮನೆಗೂ ನಡೆದರೆ ಅರ್ಧ ತಾಸು.

ಮಣ್ಣು ಮಾಡಿ ಬಂದು ಸಾರವಾಡದ ಮನೆಯ ಕಟ್ಟೆಯ ಮೇಲೆ ಕೂತಿದ್ದೆವು. ನನ್ನನ್ನು ಯಾಕೆ ಕರೆಯಲಿಲ್ಲ ಎಂದು ಅವನನ್ನು ಕೇಳಿದೆ. ಅವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ.

‘ಕರೀಬೇಕಂತನ ಇದ್ನಿರಿ. ಆಕಿನ ಬ್ಯಾಡ ಅಂದ್ಲು. ಡಬ್ಬಿ ಕೊಡಾಕ ಬರಲಾರದಾಂವ ದವಾಖಾನಿಗೆ ಏನ್ ಬರ್ತಾನು ಅಂದ್ಲು.’

‘ಯಾವ ಡಬ್ಬಿ?’

‘ಉಂಡಿ ಡಬ್ಬಿರಿ. ಪಂಚಮಿ ದಿನ ನಿಮ್ಮ ಮನಿಗೆ ಬಂದಿದ್ಲಲ್ರಿ. ಮುಟ್ಟಲಿಲ್ಲೇನ್ರಿ?’

ನಾನು ಅವನ ಕಡೆ ತಿರುಗಿ ಕೂತೆ. ಅವನೇ ಹೇಳುತ್ತ ಹೋದ.

‘ಕರಿಲಾರದ ಹೆಂಗ ಹೋಗ್ತಿ, ಒಂದ್ ಫೋನರ ಮಾಡು ಅಂದ್ನಿ. ಫೋನ್ ಮಾಡಿದ್ರ ಬರಬ್ಯಾಡ ಅಂತಾನ, ಬಾಗಲದಾಗ ಹೋಗಿ ನಿಂತ್ರ ಅನ್ನಂಗಿಲ್ಲ, ನಮ್ಮಣ್ಣನ ಸಿಗ್ನಲ್ ಸನೇಕ ಹೋದ್ರ ಬಿಡತೈತಿ ಅಂತ ನಕ್ಕೋತ ಹೋದ್ಲುರಿ. ಕೀಲಿ ಹಾಕಿತ್ತಂತ. ಎರಡ ತಾಸ ನಿಮ್ಮ ಕಟ್ಟಿ ಮ್ಯಾಲ ಕುಂತು, ಡಬ್ಬಿ ಇಟ್ಟು ಬಂದ್ಲು. ಚೀಟಿ ಬರದ ಇಡಬೇಕಿಲ್ಲೋ ಅಂದ್ರ, ಅವನ ಕೊಡಿಸಿದ ಡಬ್ಬಿ, ತಳದಾಗ ಅವನ ಬರಸ್ಯಾನ, ಚೀಟಿ ಯಾಕ ಅಂದ್ಲು. ಬರಿದ ಡಬ್ಬಿ ಯಾರೂ ಹೊಳ್ಳಿ ಕೊಡಂಗಿಲ್ಲ, ಏನರ ತುಂಬಕೊಂಡು ಬಂದ ಬರ್ತಾನ ಅಂತ ಬಾಳ ದಿನ ಕಾದ್ಲುರಿ. ಬಸ್ ನಿಂತದ್ದ ಸಪ್ಪಳಾದ್ರ ಹೊರಗ ಬರತಿದ್ಲು.’

ಗೋಡೆಯ ಗೂಡಿನಲ್ಲಿ ನಾಲ್ಕು ಡಬ್ಬಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಇದ್ದವು. ಮೂರನೆಯ ಜಾಗ ಖಾಲಿ ಇತ್ತು. ಆ ಪಂಚಮಿಯ ನಂತರವೂ ನಾನು ಬಬಲೇಶ್ವರದ ಬಸ್ಸಿನಲ್ಲಿ ಹೋಗಿದ್ದೆ. ಆ ದಿನವೂ ಬಸ್ಸು ಸಾರವಾಡದಲ್ಲಿ ನಿಂತಿತ್ತು. ನಾನು ಮುಖ ಆ ಕಡೆ ತಿರುಗಿಸಿಕೊಂಡೇ ಇದ್ದೆ.

ಅವಳು ನನ್ನನ್ನು ಸರಿಯಾಗಿಯೇ ಓದಿದ್ದಳು. ಕೆಂಪು ಕಂಡರೂ ಹೆದರದೆ, ರೂಢಿ ಮುರಿದು, ಓಣಿಯ ಹೆಂಗಸರು ನೋಡಿದರೂ ಸರಿ ಎಂದು ಬುಡದ ತನಕ ಬಂದು ನಿಂತಿದ್ದಳು. ಎರಡು ತಾಸು. ಅದೇ ಎರಡು ತಾಸು ನಾನು ಸೈಡಿಂಗಿನಲ್ಲಿ ಮೊಣಕಾಲೂರಿ, ಬಂದು ನಿಂತ ಗಾಡಿ ಗೊತ್ತಾಗದೆ ಹೋಗಬಾರದೆಂದು ಟ್ರೆಡಲ್ ಕೂರಿಸುತ್ತಿದ್ದೆ. ಇದನ್ನು ಯಾರ ಮುಂದೆ ಹೇಳಿ ಅಳಲಿ? ಹೆಂಡತಿಯ ಮುಂದೆ ಅತ್ತೆ. ಅವಳು ನೀರು ತಂದು ಮುಂದಿಟ್ಟಳು. ಬೈದಿದ್ದರೆ ಚಲೋ ಇತ್ತು.

ಸಾರವಾಡದಿಂದ ಬಂದವನು ಮನೆಗೆ ಹೋಗದೆ ನೇರ ರಿಲೇ ಕೋಣೆಗೆ ಹೋದೆ. ಡಬ್ಬಿ ಕಿಟಕಿಯ ಕೆಳಗೆ ಇದ್ದಲ್ಲೇ ಇತ್ತು. ಮುಚ್ಚಳ ತೆಗೆದು ತಿರುವಿದೆ. ಪಿನ್ನು, ವಾಷರು ಎಲ್ಲ ಝಣ್ಣನೆ ನೆಲದ ಮೇಲೆ ಬಿದ್ದು ಮೂಲೆ ಮೂಲೆಗೆ ಉರುಳಿದವು. ತಳಕ್ಕೆ ಗ್ರೀಸು ಹತ್ತಿತ್ತು. ಅಂಗಿಯ ತುದಿಯಿಂದ ಒರೆಸಿದೆ. ಚುಕ್ಕಿಗಳು ಕಂಡವು. ಅಣ್ಣನಿಂದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಿಂಗಳೊಪ್ಪತ್ತು ಕಳೆದ ಮೇಲೆ ತಿಕೋಟಾಕ್ಕೆ ಹೋಗಿ ಒಳ್ಳೆಯ ಒಣದ್ರಾಕ್ಷಿ ಆರಿಸಿ ತಂದೆ. ಸಣ್ಣವಳಿದ್ದಾಗ ಅವಳು ಮುಷ್ಟಿಗಟ್ಟಲೆ ತಿನ್ನುತ್ತಿದ್ದ ಹಸಿರು ದ್ರಾಕ್ಷಿ. ಡಬ್ಬಿಯನ್ನು ಬೂದಿ ಹಾಕಿ, ಹುಣಸೆಹಣ್ಣು ಹಾಕಿ ನಾನೇ ನಾಲ್ಕು ಸಲ ತಿಕ್ಕಿದೆ. ತುಂಬಿಕೊಂಡು ಬಬಲೇಶ್ವರದ ಬಸ್ಸು ಹತ್ತಿದೆ. ಕಂಡಕ್ಟರ್ ಸಾರವಾಡ ಎಂದು ಕೂಗುವ ಮೊದಲೇ ಎದ್ದು ನಿಂತಿದ್ದೆ.

ಮನೆಯಲ್ಲಿ ತಂಗಿಯ ಮಗಳು ಒಬ್ಬಳೇ ಇದ್ದಳು. ಹತ್ತನೆಯ ಇಯತ್ತೆ ಓದುತ್ತಾಳೆ, ನಿಲ್ಲುವ ರೀತಿ ಅವಳ ಅವ್ವನದೇ. ‘ಬರ್ರಿ ಮಾಮಾ’ ಎಂದು ನೀರು ಕೊಟ್ಟಳು. ಡಬ್ಬಿಯನ್ನು ಕೈಗೆ ಕೊಟ್ಟೆ. ಅವಳು ದ್ರಾಕ್ಷಿಯನ್ನು ಪರಾತಕ್ಕೆ ಸುರಿದು, ಮೊಟ್ಟಮೊದಲು ಡಬ್ಬಿ ತಿರುವಿ ತಳ ನೋಡಿದಳು.

‘ನಮ್ದ ಐತಿ,’ ಎಂದಳು. ಆಮೇಲೆ ಮೂಗಿನ ಹತ್ತಿರ ಹಿಡಿದು, ‘ಗ್ರೀಸ್ ವಾಸನಿ ಹೊಡೀತೈತಲ್ರಿ ಮಾಮಾ. ಎಲ್ಲಿಟ್ಟಿದ್ರಿ ಇಷ್ಟ ದಿನ?’ ಎಂದು ಕೇಳಿದಳು.

‘ನನ್ನ ಹತ್ರಾನ ಇತ್ತವ್ವಾ,’ ಎಂದೆ. ‘ದಿನಾ ತೆಗೀತಿದ್ನಿ.’

ಅವಳು ಡಬ್ಬಿಯನ್ನು ಒಯ್ದು ಗೂಡಿನಲ್ಲಿ ಮೂರನೆಯ ಜಾಗದಲ್ಲಿ ಇಟ್ಟಳು.